ಮಾವು ಹಣ್ಣಾಗಿತ್ತೇ?

(ಅಮೃತಾಪುರದಲ್ಲಿ ಶಾಲಾ ಮಕ್ಕಳ ಪೋಷಕರು ಹಾಗೂ ಶಿಕ್ಷಕರ ಮುಂದೆ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)

ಊರಿನ ಹಿರಿಯರೇ, ಮೇಷ್ಟರೇ, ತಾಯಂದಿರೇ, ಹಿಂದಿನ ಸಾಲಿನಲ್ಲಿ ಆಗಲೇ ಚಡಪಡಿಸುತ್ತಿರುವ ಮಕ್ಕಳೇ,

ವರದಿಗಾರನ ಕೆಲಸ ಬೇರೆಯವರ ಭಾಷಣ ಬರೆದುಕೊಳ್ಳುವುದು. ತಾನೇ ನಿಂತು ಮಾತನಾಡುವ ಅಭ್ಯಾಸ ನನಗಿಲ್ಲ. ಆದ್ದರಿಂದ ಇಲ್ಲಿಗೆ ಬರುವಾಗ ತರೀಕೆರೆಯ ಬಸ್ಸಿನಲ್ಲಿ ನಡೆದದ್ದನ್ನೇ ಮೊದಲು ವರದಿ ಮಾಡುತ್ತೇನೆ.

ಬಸ್ಸು ಹೊರಡುವುದು ತಡವಾಗಿತ್ತು. ನಾನು ಚೀಲದಿಂದ ಒಂದು ಪುಸ್ತಕ ತೆಗೆದೆ. ಆರ್.ಕೆ. ನಾರಾಯಣ್ ಅವರ 'ಸ್ವಾಮಿ ಅಂಡ್ ಫ್ರೆಂಡ್ಸ್'. ಮುಖಪುಟದ ಮೇಲೆ ಶಾಲೆಯ ಹುಡುಗನ ಚಿತ್ರ. ಓದುತ್ತ ಓದುತ್ತ ಒಂದು ಕಡೆ ನಗು ತಡೆಯಲಾಗಲಿಲ್ಲ, ಜೋರಾಗಿಯೇ ನಕ್ಕುಬಿಟ್ಟೆ. ಪಕ್ಕದಲ್ಲಿ ಕುಳಿತಿದ್ದ ಯಜಮಾನರು ನನ್ನನ್ನೂ ಪುಸ್ತಕವನ್ನೂ ನೋಡಿ, 'ಏನಪ್ಪಾ, ಮೀಸೆ ಬಂದೋನು ಹುಡುಗರ ಪುಸ್ತಕ ಓದ್ಕಂಡು ನಗ್ತಿದೀಯಲ್ಲ' ಎಂದರು. ನನಗೆ ನಾಚಿಕೆಯಾಯಿತು. 'ಇಲ್ಲ ಯಜಮಾನ್ರೇ, ಪತ್ರಿಕೆಗೆ ಬರೆಯೋದಿತ್ತು, ಅದಕ್ಕೆ' ಎಂದು ಸುಳ್ಳು ಹೇಳಿದೆ.

ಅವರು ಪುಸ್ತಕ ಕೇಳಿ ತೆಗೆದುಕೊಂಡರು. ಇಂಗ್ಲಿಷ್ ಅವರಿಗೆ ಬರುವುದಿಲ್ಲ. ಮುಖಪುಟದ ಹುಡುಗನನ್ನೇ ಸ್ವಲ್ಪ ಹೊತ್ತು ನೋಡಿ, ತಮ್ಮ ಮೇಷ್ಟರ ಕಥೆ ಶುರು ಮಾಡಿದರು. ಮಗ್ಗಿ ತಪ್ಪಿದ್ದಕ್ಕೆ ಬಿದ್ದ ಪೆಟ್ಟು, ಮೇಷ್ಟರು ತೂಕಡಿಸಿದಾಗ ಕಿಟಕಿಯಿಂದ ಹಾರಿದ ಹುಡುಗರು, ಹಾರುವಾಗ ಮುಳ್ಳಿಗೆ ಸಿಕ್ಕಿ ಹರಿದ ಚಡ್ಡಿ. ಬಸ್ಸು ಹೊರಟು ಎಷ್ಟು ಹೊತ್ತಾಗಿತ್ತೋ ನಮ್ಮಿಬ್ಬರಿಗೂ ತಿಳಿಯಲಿಲ್ಲ. ಹುಡುಗರ ಪುಸ್ತಕ ಎಂದು ನನ್ನನ್ನು ಗೇಲಿ ಮಾಡಿದವರೇ ಇಳಿಯುವಾಗಲೂ ನಗುತ್ತಿದ್ದರು.

ದೊಡ್ಡವರು ಮಕ್ಕಳ ಪುಸ್ತಕ ಓದಿ ನಗುವುದು ನಾಚಿಕೆಯ ವಿಷಯವೇ? ನಾನು ಸುಳ್ಳು ಹೇಳಬೇಕಾದದ್ದು ಏಕೆ? ಇವತ್ತು ನಿಮ್ಮ ಮುಂದೆ ಇಡಲಿರುವುದು ಇದೊಂದೇ ವಿಚಾರ.

ನಿಮ್ಮೂರ ಕಲ್ಲಿನ ಪುಟಗಳು

ಈ ಪ್ರಶ್ನೆ ಕೇಳಲು ನಿಮ್ಮ ಊರಿಗಿಂತ ಒಳ್ಳೆಯ ಜಾಗವಿಲ್ಲ. ಹೊಯ್ಸಳ ಎರಡನೆಯ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತ ದಂಡನಾಯಕ ಕಟ್ಟಿಸಿದ ಅಮೃತೇಶ್ವರ ದೇವಾಲಯ ಇಲ್ಲಿದೆ. ಕವಿಚಕ್ರವರ್ತಿ ಜನ್ನನ ಪದ್ಯಗಳಿರುವ ಶಾಸನವೂ ಇಲ್ಲೇ ಇದೆ. ದಿನವೂ ನೋಡುವವರಿಗೆ ಇದು ವಿಶೇಷವೆನಿಸದೆ ಇರಬಹುದು. ಆದರೆ ಮಂಟಪದ ಹೊರಗೋಡೆಯನ್ನು ಒಮ್ಮೆ ಪುಸ್ತಕ ಓದುವ ಹಾಗೆ ಓದಿ ನೋಡಿ. ಒಟ್ಟು 140 ಫಲಕಗಳು. ದಕ್ಷಿಣದ ಕಡೆ 70 ಫಲಕಗಳಲ್ಲಿ ರಾಮಾಯಣ. ಉತ್ತರದ ಕಡೆ 45 ಫಲಕಗಳಲ್ಲಿ ಮಹಾಭಾರತ, 25 ಫಲಕಗಳಲ್ಲಿ ಕೃಷ್ಣನ ಕಥೆ. ಅಕ್ಷರವಿಲ್ಲದವರೂ ಓದಬಹುದಾದ ಚಿತ್ರಪುಸ್ತಕ ಇದು.

ಕೃಷ್ಣನ ಕಥೆ ಎಂದರೆ ನಮ್ಮ ಜನಕ್ಕೆ ಮೊದಲು ನೆನಪಾಗುವುದು ಬೆಣ್ಣೆ ಕದ್ದ ಹುಡುಗ, ಅಮ್ಮನ ಕೈಗೆ ಸಿಗದೆ ಓಡಿದ ಹುಡುಗ. ಆ ತುಂಟತನದ ಕಥೆಯನ್ನು ಕೇಳಿ ನಕ್ಕವರು ಬರೀ ಮಕ್ಕಳಲ್ಲ. ಹರಿಕಥೆಗೆ ಬಂದ ಮುದುಕಿಯರು ಕಣ್ಣೊರೆಸಿಕೊಂಡು ನಕ್ಕಿದ್ದಾರೆ. ದಂಡನಾಯಕನಂಥ ದೊಡ್ಡ ಮನುಷ್ಯ ಹಣ ಕೊಟ್ಟು ಕೃಷ್ಣನ ಕಥೆಯನ್ನು ದೇವಸ್ಥಾನದ ಗೋಡೆಗೇ ಹಾಕಿಸಿದ್ದಾನೆ. ಯಾರೂ ಅವನನ್ನು 'ಹುಡುಗರ ಕಥೆ ಯಾಕಪ್ಪಾ' ಎಂದು ಕೇಳಿದಂತಿಲ್ಲ.

ಶಾಲೆಯ ತಮಾಷೆಯೂ ನಮಗೆ ಹೊಸದಲ್ಲ. ಪ್ರಹ್ಲಾದನ ಕಥೆಯನ್ನೇ ನೆನೆಯಿರಿ. ಹಿರಣ್ಯಕಶಿಪು ಮಗನನ್ನು ಓದಿಸಲು ಇಟ್ಟ ಗುರುಗಳು ಚಂಡ ಮತ್ತು ಅಮರ್ಕ. ಅವರು ಹೇಳಿಕೊಡುವುದೇ ಒಂದು, ಹುಡುಗ ಒಪ್ಪಿಸುವುದೇ ಇನ್ನೊಂದು. ರಾಜನ ಭಯ ಒಂದು ಕಡೆ, ಹುಡುಗನ ಹಟ ಇನ್ನೊಂದು ಕಡೆ. ನಾಟಕದಲ್ಲಿ ಈ ದೃಶ್ಯ ಬಂದರೆ ದೊಡ್ಡವರೇ ಮೊದಲು ನಗುತ್ತಾರೆ. 1983ರಲ್ಲಿ ಬಂದ 'ಭಕ್ತ ಪ್ರಹ್ಲಾದ' ಚಿತ್ರದಲ್ಲಿ ರಾಜ್‌ಕುಮಾರ್ ಎದುರು ಬಾಲಕ ಪುನೀತ್ ನಿಂತದ್ದನ್ನು ಈ ಸಭೆಯ ಹಿರಿಯರು ನೋಡಿಯೇ ಇರುತ್ತೀರಿ. ಹಾಗಿರುವಾಗ ಪುಸ್ತಕದ ವಿಷಯಕ್ಕೆ ಬಂದಾಗ ಮಾತ್ರ ಏಕೆ ಈ ಸಂಕೋಚ?

ಹತ್ತು ಮಾವಿನಹಣ್ಣು, ಹದಿನೈದಾಣೆ

ಈಗ ಬಸ್ಸಿನಲ್ಲಿ ನಾನು ನಕ್ಕ ಭಾಗಕ್ಕೆ ಬರುತ್ತೇನೆ.

ಸ್ವಾಮಿನಾಥನ್ ಎಂಬ ಹುಡುಗ. ಮಾಲ್ಗುಡಿ ಎಂಬ ಊರು. ಅದು ಯಾವ ನಕಾಶೆಯಲ್ಲೂ ಇಲ್ಲ. ರಜೆಯ ದಿನ ಅಪ್ಪ ಮಗನನ್ನು ಕೂರಿಸಿಕೊಂಡು ಒಂದು ಲೆಕ್ಕ ಕೊಡುತ್ತಾರೆ. ರಾಮನ ಹತ್ತಿರ ಹತ್ತು ಮಾವಿನಹಣ್ಣಿವೆ. ಅವನ್ನು ಮಾರಿ ಹದಿನೈದಾಣೆ ಸಂಪಾದಿಸಬೇಕೆಂದು ಅವನ ಆಸೆ. ಕೃಷ್ಣನಿಗೆ ನಾಲ್ಕೇ ಹಣ್ಣು ಬೇಕು. ಕೃಷ್ಣ ಎಷ್ಟು ಕೊಡಬೇಕು?

ನಮಗೆ ಇದು ತ್ರೈರಾಶಿಯ ಲೆಕ್ಕ. ಸ್ವಾಮಿಗೆ ಹಾಗಲ್ಲ. ಅವನ ಕಣ್ಣಿಗೆ ಮಾವು ಕಾಣುತ್ತದೆ, ಮಾರುವವನು ಕಾಣುತ್ತಾನೆ, ಕೊಳ್ಳಲು ಬಂದವನು ಕಾಣುತ್ತಾನೆ. ಹತ್ತಕ್ಕೆ ಹದಿನೈದಾಣೆಯೇ ಬೇಕೆಂದು ರಾಮ ಏಕೆ ಹಟ ಹಿಡಿದಿದ್ದಾನೆ? ಕೃಷ್ಣನಿಗೆ ನಾಲ್ಕೇ ಏಕೆ ಸಾಕು? ತುಂಬ ಹೊತ್ತು ಯೋಚಿಸಿ ಕೊನೆಗೆ ಅಪ್ಪನನ್ನು ಕೇಳುತ್ತಾನೆ: ಆ ಮಾವು ಹಣ್ಣಾಗಿತ್ತೇ, ಕಾಯಿಯೇ?

ಅಪ್ಪನಿಗೆ ನಗು ಬರುತ್ತದೆ. ಆದರೆ ನಗುವುದಿಲ್ಲ, ನುಂಗಿಕೊಳ್ಳುತ್ತಾರೆ. ಮೊದಲು ಲೆಕ್ಕ ಮಾಡು, ಹಣ್ಣೋ ಕಾಯಿಯೋ ಆಮೇಲೆ ಹೇಳುತ್ತೇನೆ ಎನ್ನುತ್ತಾರೆ. ಕೊನೆಗೆ ಹುಡುಗ ಹೇಗೋ ಉತ್ತರಕ್ಕೆ ಬಂದು ಮುಟ್ಟುತ್ತಾನೆ. ಆರಾಣೆ. ಉತ್ತರ ಸರಿಯಾಗಿದೆ. ಅದನ್ನು ಹೇಳಿದವನೇ ಬಿಕ್ಕಿ ಬಿಕ್ಕಿ ಅಳುತ್ತಾನೆ.

ಮಗು ಈ ಭಾಗವನ್ನು ಓದಿದರೆ ಸ್ವಾಮಿಯ ಪಕ್ಷ ವಹಿಸುತ್ತದೆ. ಅದಕ್ಕೆ ಆ ಕಷ್ಟ ಗೊತ್ತು. ದೊಡ್ಡವರು ಓದಿದರೆ ಎರಡೂ ಕಡೆ ಇರುತ್ತಾರೆ. ಒಂದು ಕಾಲದಲ್ಲಿ ತಾವೂ ಸ್ವಾಮಿ, ಈಗ ತಾವೇ ಆ ಅಪ್ಪ. ನಗು ಬರುವುದು ಅದಕ್ಕೇ, ಕೊನೆಯಲ್ಲಿ ಗಂಟಲು ಕಟ್ಟುವುದೂ ಅದಕ್ಕೇ. ನಾನಿನ್ನೂ ಯಾರ ಅಪ್ಪನೂ ಅಲ್ಲ. ಆದರೂ ಬಸ್ಸಿನಲ್ಲಿ ನಕ್ಕ ಮರುಕ್ಷಣ ಪುಟ ತಿರುಗಿಸಲು ಮನಸ್ಸಾಗಲಿಲ್ಲ.

ಪುಸ್ತಕದ ತುಂಬ ಇಂಥವೇ. ಪರೀಕ್ಷೆ ಹತ್ತಿರ ಬಂದಾಗ ಸ್ವಾಮಿ ಓದುವುದನ್ನು ಬಿಟ್ಟು, ಪರೀಕ್ಷೆಗೆ ಬೇಕಾಗುವ ಕಾಗದ, ನಿಬ್ಬು, ಮಸಿ, ಪಿನ್ನುಗಳ ಪಟ್ಟಿಯನ್ನು ಬಲು ಶ್ರದ್ಧೆಯಿಂದ ತಯಾರಿಸುತ್ತಾನೆ. ಬಜೆಟ್ ಮಂಡಿಸಿದಂತೆ ಅಪ್ಪನ ಮುಂದಿಡುತ್ತಾನೆ. ವೇಳಾಪಟ್ಟಿ ಬರೆಯುವುದರಲ್ಲೇ ಒಂದು ದಿನ ಕಳೆದ ನೆನಪು ನಿಮ್ಮಲ್ಲಿ ಯಾರಿಗಿಲ್ಲ? ಗೆಳೆಯರು ಸೇರಿ ಕ್ರಿಕೆಟ್ ತಂಡ ಕಟ್ಟುತ್ತಾರೆ. ಆಟದ ಅಭ್ಯಾಸಕ್ಕೆ ಶಾಲೆಯ ಡ್ರಿಲ್ ಅಡ್ಡಬರುತ್ತದೆ. ಸ್ವಾಮಿ ತಪ್ಪಿಸಿಕೊಳ್ಳಲು ಹೋಗಿ ಹೆಡ್‌ಮಾಸ್ಟರ ಮುಂದೆ ಸಿಕ್ಕಿಬೀಳುತ್ತಾನೆ. ಹೊಡೆಯಲು ಬಂದ ಬೆತ್ತವನ್ನೇ ಕಸಿದು ಕಿಟಕಿಯಾಚೆ ಎಸೆದು ಓಡಿಹೋಗುತ್ತಾನೆ. ಹೀಗೆ ನಗಿಸುತ್ತಲೇ ಕಥೆ ಹುಡುಗ ಕಾಡಿನಲ್ಲಿ ದಾರಿ ತಪ್ಪುವವರೆಗೂ ಹೋಗುತ್ತದೆ.

ಹೆಡ್‌ಮಾಸ್ಟರ ಮಗ ಬರೆದದ್ದು

ಇದನ್ನು ಬರೆದವರು ಶಾಲೆಯನ್ನು ದೂರದಿಂದ ನೋಡಿದವರಲ್ಲ. 1906ರಲ್ಲಿ ಹುಟ್ಟಿದ ನಾರಾಯಣ್ ಅವರ ತಂದೆ ಸ್ವತಃ ಹೆಡ್‌ಮಾಸ್ಟರು. ಮೈಸೂರಿನ ಮಹಾರಾಜಾ ಕಾಲೇಜಿಯೇಟ್ ಹೈಸ್ಕೂಲಿನಲ್ಲಿದ್ದವರು. ಮಗನೋ ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲೇ ಫೇಲಾದ. ಆಮೇಲೆ ಪದವಿ ಪಡೆದು ಸ್ವಲ್ಪ ಕಾಲ ಮೇಷ್ಟರ ಕೆಲಸಕ್ಕೂ ಸೇರಿದ್ದುಂಟು. ಡ್ರಿಲ್ ಮಾಸ್ಟರ ಬದಲಿಗೆ ನಿಲ್ಲು ಎಂದು ಹೆಡ್‌ಮಾಸ್ಟರು ಹೇಳಿದ್ದಕ್ಕೆ ಪ್ರತಿಭಟಿಸಿ ಕೆಲಸ ಬಿಟ್ಟರು. ಸ್ವಾಮಿಗೂ ಡ್ರಿಲ್ಲಿಗೂ ಏಕೆ ಆಗಿಬರಲಿಲ್ಲವೆಂದು ಈಗ ಊಹಿಸಬಹುದು.

1930ರ ವಿಜಯದಶಮಿಯಂದು ಬೆಂಗಳೂರಿನಲ್ಲಿ ಅವರು ಈ ಕಾದಂಬರಿಗೆ ಕೈ ಹಚ್ಚಿದರು. ಒಂದು ರೈಲು ನಿಲ್ದಾಣ, ಅದಕ್ಕೆ ಮಾಲ್ಗುಡಿ ಎಂಬ ಹೆಸರು ಮೊದಲು ಹೊಳೆಯಿತಂತೆ. ಪ್ರಕಾಶಕರು ಒಬ್ಬರಾದ ಮೇಲೆ ಒಬ್ಬರು ಹಸ್ತಪ್ರತಿಯನ್ನು ಹಿಂದಕ್ಕೆ ಕಳಿಸಿದರು. ಬೇಸತ್ತು, ಥೇಮ್ಸ್ ನದಿಗೆ ಎಸೆದುಬಿಡು ಎಂದು ಇಂಗ್ಲೆಂಡಿನಲ್ಲಿದ್ದ ಗೆಳೆಯನಿಗೆ ಬರೆದರು. ಗೆಳೆಯ ನದಿಗೆ ಎಸೆಯದೆ ಕಾದಂಬರಿಕಾರ ಗ್ರಹಾಂ ಗ್ರೀನ್ ಅವರ ಕೈಗಿಟ್ಟ. ಅವರ ಶಿಫಾರಸಿನಿಂದ 1935ರಲ್ಲಿ ಪುಸ್ತಕ ಲಂಡನ್ನಿನಲ್ಲಿ ಅಚ್ಚಾಯಿತು. ಅಂದರೆ ಈ ಹುಡುಗನ ಕಥೆಯನ್ನು ಮೊದಲು ಮೆಚ್ಚಿ ಉಳಿಸಿದವರು ಹುಡುಗರಲ್ಲ, ದೊಡ್ಡವರು.

ಚಿತ್ರಗಳ ವಿಷಯ ಹೇಳದಿದ್ದರೆ ಅಪಚಾರವಾಗುತ್ತದೆ. ಅಣ್ಣನ ಕಥೆಗಳಿಗೆ ರೇಖೆ ಕೊಟ್ಟವರು ತಮ್ಮ ಆರ್.ಕೆ. ಲಕ್ಷ್ಮಣ್. ಶಾಲೆಯಲ್ಲಿ ಒಮ್ಮೆ ಎಲೆಯ ಚಿತ್ರ ಬರೆಯಲು ಹೇಳಿದಾಗ ಅವರು ಅರಳಿ ಎಲೆ ಬರೆದರು. ಮೇಷ್ಟರು ನೋಡಿ ಶಭಾಷ್ ಎಂದರು. ತಾನೊಬ್ಬ ಚಿತ್ರಗಾರ ಎಂಬ ನಂಬಿಕೆ ಹುಟ್ಟಿದ್ದು ಆ ಒಂದು ಮಾತಿನಿಂದ. ಮುಂದೆ ಮುಂಬಯಿಯ ಜೆ.ಜೆ. ಕಲಾಶಾಲೆ, ಪ್ರತಿಭೆ ಸಾಲದು ಎಂದು ಅವರಿಗೆ ಪ್ರವೇಶ ನಿರಾಕರಿಸಿತು. ಅಷ್ಟಾದರೂ ಆ ನಂಬಿಕೆ ಕೈಬಿಡಲಿಲ್ಲ. ಇಲ್ಲಿರುವ ಮೇಷ್ಟರು ದಯವಿಟ್ಟು ಆ ಅರಳಿ ಎಲೆಯನ್ನು ನೆನಪಿಟ್ಟುಕೊಳ್ಳಬೇಕು.

ಸ್ವಾಮಿ ನಮ್ಮ ಮಲೆನಾಡಿಗೂ ಬಂದು ಹೋಗಿದ್ದಾನೆ. 1980ರ ದಶಕದಲ್ಲಿ ಶಂಕರ್‌ನಾಗ್ ದೂರದರ್ಶನಕ್ಕಾಗಿ 'ಮಾಲ್ಗುಡಿ ಡೇಸ್' ತೆಗೆದಾಗ ಆಗುಂಬೆಯೇ ಮಾಲ್ಗುಡಿಯಾಯಿತು. ಮಾಸ್ಟರ್ ಮಂಜುನಾಥ್ ಸ್ವಾಮಿಯಾದ, ಗಿರೀಶ ಕಾರ್ನಾಡರು ಅವನ ಅಪ್ಪನಾದರು. ಪರದೆಯ ಮೇಲೆ ಬಂದ ರೇಖಾಚಿತ್ರಗಳು ಲಕ್ಷ್ಮಣರವು. ತರೀಕೆರೆಯಲ್ಲಿ ರೈಲು ಹತ್ತಿ ಶಿವಮೊಗ್ಗ ದಾಟಿ ತಾಳಗುಪ್ಪದ ಕಡೆ ಹೋದರೆ ಅರಸಾಳು ನಿಲ್ದಾಣ ಸಿಗುತ್ತದೆ. ಧಾರಾವಾಹಿಯ ಮಾಲ್ಗುಡಿ ನಿಲ್ದಾಣ ಅದೇ. ಹಳೆಯ ಆ ಕಟ್ಟಡವನ್ನು ರೈಲ್ವೆಯವರು 2020ರಲ್ಲಿ ಮಾಲ್ಗುಡಿ ಸಂಗ್ರಹಾಲಯವಾಗಿ ಮಾಡಿದ್ದಾರೆ.

ನಗುವಿನಿಂದ ರಾಜ್ಯಸಭೆಗೆ

ಇಷ್ಟು ಹೊತ್ತು ಕೇಳಿದ ಮೇಲೆ, ನಗುವುದರಿಂದ ಏನು ಪ್ರಯೋಜನ ಎಂದು ಯಾರಾದರೂ ಕೇಳಬಹುದು. ಅದಕ್ಕೆ ಉತ್ತರ ನಾರಾಯಣ್ ಅವರ ಬದುಕಿನಲ್ಲೇ ಇದೆ.

1980ರ ದಶಕದಲ್ಲಿ ಅವರು ರಾಜ್ಯಸಭೆಗೆ ನಾಮಕರಣಗೊಂಡರು. ಹೆಚ್ಚು ಮಾತಾಡುವವರಲ್ಲ. ಎದ್ದು ನಿಂತಾಗ ಆರಿಸಿಕೊಂಡ ವಿಷಯ ಸಾಹಿತ್ಯವಲ್ಲ, ರಾಜಕೀಯವಲ್ಲ. ಶಾಲೆಗೆ ಹೋಗುವ ಮಗುವಿನ ಬೆನ್ನ ಮೇಲಿನ ಚೀಲ. ಎಂಬತ್ತು ದಾಟಿದ ಮುದುಕರು ಸ್ವಾಮಿಯ ಪರವಾಗಿ ವಕಾಲತ್ತು ವಹಿಸಿದ್ದರು. ಪುಸ್ತಕಗಳ ಹೊರೆಯಿಂದ ಮಗುವಿನ ಬೆನ್ನೂ ಬಾಗುತ್ತಿದೆ, ಬಾಲ್ಯವೂ ಕಳೆದುಹೋಗುತ್ತಿದೆ ಎಂಬುದು ಅವರ ಅಳಲಾಗಿತ್ತು.

ಆ ಭಾಷಣದಿಂದ ಎದ್ದ ಚರ್ಚೆ ಅಲ್ಲಿಗೇ ನಿಲ್ಲಲಿಲ್ಲ. 1992ರಲ್ಲಿ ವಿಜ್ಞಾನಿ ಪ್ರೊ. ಯಶಪಾಲ್ ಅವರ ಅಧ್ಯಕ್ಷತೆಯಲ್ಲಿ ಕೇಂದ್ರ ಸರ್ಕಾರ ಒಂದು ಸಮಿತಿ ರಚಿಸಿತು. 1993ರಲ್ಲಿ ವರದಿ ಬಂತು. ಹೊರೆಯಿಲ್ಲದ ಕಲಿಕೆ ಎಂಬುದು ಅದರ ಹೆಸರಿನ ಅರ್ಥ. ಅದರಲ್ಲಿ ಒಂದು ಮುಖ್ಯವಾದ ಮಾತಿದೆ. ಚೀಲದ ಭಾರ ದೊಡ್ಡದೇ, ಆದರೆ ಅದಕ್ಕಿಂತ ದೊಡ್ಡ ಭಾರ ಅರ್ಥವಾಗದೆ ಇರುವುದರ ಭಾರ ಎಂದು ಸಮಿತಿ ಹೇಳಿತು. ಮಾವು ಹಣ್ಣಾಗಿತ್ತೇ ಎಂದು ಕೇಳಿ, ಉತ್ತರ ಸಿಗದೆ, ಆರಾಣೆ ಎಂದು ಹೇಳಿ ಅತ್ತ ಹುಡುಗನ ಭಾರ ಅದೇ ಅಲ್ಲವೇ?

ಚೀಲದ ತೂಕಕ್ಕೆ ಈಗ ನಿಯಮಗಳಿವೆ. 2020ರ ರಾಷ್ಟ್ರೀಯ ಶಾಲಾ ಚೀಲ ನೀತಿಯ ಪ್ರಕಾರ ಚೀಲ ಮಗುವಿನ ತೂಕದ ಶೇಕಡಾ 10ನ್ನು ಮೀರಬಾರದು. 20 ಕಿಲೋ ತೂಗುವ ಮಗುವಿಗೆ 2 ಕಿಲೋ. ಮನೆಗೆ ಹೋಗಿ ತಕ್ಕಡಿಯಲ್ಲಿ ತೂಗಿ ನೋಡಿ. ಆದರೆ ಅರ್ಥವಾಗದೆ ಇರುವುದರ ಭಾರವನ್ನು ತೂಗುವ ತಕ್ಕಡಿ ಅಂಗಡಿಯಲ್ಲಿ ಸಿಗುವುದಿಲ್ಲ. ಮಗುವಿನ ಜಾಗದಲ್ಲಿ ಕುಳಿತು ನೋಡಬೇಕಾಗುತ್ತದೆ. ಸ್ವಾಮಿಯಂಥ ಪುಸ್ತಕ ನಮ್ಮನ್ನು ಒಂದು ಗಂಟೆ ಆ ಜಾಗದಲ್ಲಿ ಕೂರಿಸುತ್ತದೆ.

ಇನ್ನೊಂದು ಪುಸ್ತಕವೂ ಇದೇ ಕೆಲಸ ಮಾಡುತ್ತದೆ. ಜಪಾನಿನ ತೆತ್ಸುಕೊ ಕುರೊಯಾನಾಗಿ ಎಂಬಾಕೆ 1981ರಲ್ಲಿ ಪ್ರಕಟಿಸಿದ 'ತೊತ್ತೋ-ಚಾನ್'. ವಿ. ಗಾಯತ್ರಿಯವರು ಅದನ್ನು ಕನ್ನಡಕ್ಕೆ ತಂದಿದ್ದಾರೆ. ಚಿಹಿರೊ ಇವಾಸಾಕಿಯವರ ನೀರ್ಬಣ್ಣದ ಮಕ್ಕಳ ಚಿತ್ರಗಳಿಂದಲೂ ಅದು ಹೆಸರಾಗಿದೆ. ಪಾಠದ ಮಧ್ಯೆ ಡೆಸ್ಕಿನ ಮುಚ್ಚಳ ತೆರೆದು ಮುಚ್ಚಿ ಮಾಡುವ, ಕಿಟಕಿಯಲ್ಲಿ ನಿಂತು ಬೀದಿಯ ವಾದ್ಯದವರನ್ನು ಕೂಗಿ ಕರೆಯುವ ಹುಡುಗಿಯನ್ನು ಮೊದಲ ಶಾಲೆಯವರು ಹೊರಗೆ ಹಾಕುತ್ತಾರೆ. ಹೊಸ ಶಾಲೆಯ ತರಗತಿಗಳೆಂದರೆ ಹಳೆಯ ರೈಲು ಬೋಗಿಗಳು. ಅಲ್ಲಿಯ ಹೆಡ್‌ಮಾಸ್ಟರ್ ಕೊಬಾಯಾಶಿ ಮೊದಲ ದಿನ ಆ ಹುಡುಗಿಯ ಮಾತನ್ನು ನಾಲ್ಕು ಗಂಟೆ ಕೇಳಿಸಿಕೊಳ್ಳುತ್ತಾರೆ. ನಡುವೆ ಒಮ್ಮೆಯೂ ಆಕಳಿಸುವುದಿಲ್ಲ. ಎರಡನೆಯ ಮಹಾಯುದ್ಧದ ಬಾಂಬಿಗೆ 1945ರಲ್ಲಿ ಆ ಶಾಲೆ ಸುಟ್ಟುಹೋಯಿತು. ಅದು ಉಳಿದಿರುವುದು ದೊಡ್ಡವಳಾದ ಆ ಹುಡುಗಿಯ ನೆನಪಿನಲ್ಲಿ ಮತ್ತು ಓದಿದವರ ನಗುವಿನಲ್ಲಿ.

ಒಂದು ತಪ್ಪೊಪ್ಪಿಗೆ

ಕೊನೆಗೆ ಎರಡು ಮಾತು ನನ್ನ ಬಗ್ಗೆ. ಬಸ್ಸಿನಲ್ಲಿ ಸುಳ್ಳು ಹೇಳಿದೆನಲ್ಲ, ಅದರ ಕಾರಣ ಹಳೆಯದು. ನಾನು ಏಳನೆಯ ತರಗತಿಯಲ್ಲಿದ್ದಾಗ ಸಮಾಜ ಪುಸ್ತಕದೊಳಗೆ ಒಂದು ಚಿತ್ರಕಥೆ ಇಟ್ಟುಕೊಂಡು ಓದುತ್ತಿದ್ದೆ. ನಗು ಬಂತು, ಸಿಕ್ಕಿಬಿದ್ದೆ. ನಮ್ಮ ಮೇಷ್ಟರು ಪುಸ್ತಕವನ್ನು ಎತ್ತಿ ಹಿಡಿದು, 'ಇವನ ವಯಸ್ಸು ನೋಡಿ, ಓದೋದು ನೋಡಿ' ಎಂದು ಇಡೀ ತರಗತಿಯನ್ನು ನಗಿಸಿದರು. ಪುಸ್ತಕ ಹಿಂದಕ್ಕೆ ಬರಲಿಲ್ಲ. ಅದು ಗ್ರಂಥಾಲಯದ್ದು, ದಂಡ ಕಟ್ಟಿದ್ದು ಅಪ್ಪ. ಆಮೇಲೆ ಅನೇಕ ವರ್ಷ ನಾನು ಪಠ್ಯಪುಸ್ತಕ ಬಿಟ್ಟು ಬೇರೆ ಪುಸ್ತಕ ಮುಟ್ಟಲಿಲ್ಲ. ಓದುವುದು ಎಂದರೆ ಅಂಕಕ್ಕೆ, ನಗುವುದು ಎಂದರೆ ಶಿಕ್ಷೆಗೆ ಎಂಬುದು ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

ಆದರೆ ಮೇಷ್ಟರನ್ನು ದೂರಿ ನಾನು ಪಾರಾಗುವಂತಿಲ್ಲ. ಪತ್ರಿಕೆಗೆ ಸೇರಿದ ಮೇಲೆ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ನಾನೂ ಶಾಲೆಗಳಿಗೆ ಓಡಿದ್ದೇನೆ. ಮೊದಲು ಬಂದ ಮಗುವಿನ ಬಾಯಿಗೆ ಪೇಡೆ ಇಡಿಸಿ ಫೋಟೋ ತೆಗೆಸಿದ್ದೇನೆ. ಕೇಳಿದ್ದು ಒಂದೇ ಪ್ರಶ್ನೆ: ದಿನಕ್ಕೆ ಎಷ್ಟು ಗಂಟೆ ಓದುತ್ತಿದ್ದೆ? ಅದೇ ಜಗಲಿಯ ಕೊನೆಯಲ್ಲಿ ಕಂಬಕ್ಕೆ ಒರಗಿ ನಿಂತ ಹುಡುಗನೊಬ್ಬನನ್ನು ಕಂಡೂ ಕಾಣದಂತೆ ಬಂದ ನೆನಪು ನನಗಿದೆ. ಅವನ ಸುದ್ದಿ ಪತ್ರಿಕೆಗೆ ಬೇಕಿರಲಿಲ್ಲ. ಪರೀಕ್ಷೆಯಲ್ಲಿ ಫೇಲಾದ ಒಬ್ಬ ಹುಡುಗ ಮುಂದೆ ಮಾಲ್ಗುಡಿಯನ್ನು ಕಟ್ಟಿದ ಎಂದು ಅವತ್ತು ಅವನಿಗೆ ಹೇಳಬಹುದಿತ್ತು. ಹೇಳಲಿಲ್ಲ. ನಾನೂ ಆಗ ಸ್ವಾಮಿಯನ್ನು ಓದಿರಲಿಲ್ಲ.

ತಡವಾಗಿ ಓದಿದೆ, ಅದೂ ದೊಡ್ಡವನಾದ ಮೇಲೆ. ಅದಕ್ಕೇ ನಿಮ್ಮಲ್ಲಿ ಒಂದು ಬೇಡಿಕೆ. ಮಗುವಿಗೆ ಕಥೆ ಪುಸ್ತಕ ಕೊಂಡುಕೊಟ್ಟು 'ಹೋಗು, ಓದಿಕೋ' ಎಂದು ಕಳಿಸಬೇಡಿ. ಮೊದಲು ನೀವು ಓದಿ. ನಗು ಬಂದರೆ ಮಗುವಿಗೆ ಕೇಳುವಂತೆ ನಗಿ. ಓದಲು ಬಾರದ ಅಜ್ಜಿಯರು ಚಿತ್ರ ನೋಡಿ, ನಿಮ್ಮ ಕಾಲದ ಶಾಲೆಯ ಕಥೆ ಹೇಳಿ. ಶಾಲೆಗೇ ಹೋಗದಿದ್ದವರು ಏಕೆ ಹೋಗಲಾಗಲಿಲ್ಲ ಎಂಬುದನ್ನಾದರೂ ಹೇಳಿ. ಅಪ್ಪನೂ ಒಮ್ಮೆ ಲೆಕ್ಕ ಬಾರದೆ ಅತ್ತಿದ್ದ, ಅಮ್ಮನೂ ಒಮ್ಮೆ ಬೆತ್ತಕ್ಕೆ ಹೆದರಿದ್ದಳು ಎಂದು ತಿಳಿದರೆ ಮಗುವಿಗೆ ತನ್ನ ಭಯವನ್ನು ಹೇಳಿಕೊಳ್ಳಲು ಧೈರ್ಯ ಬರುತ್ತದೆ. ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕುವ ಅಪ್ಪನಿಗಿಂತ ಅಂಥ ಅಪ್ಪನ ಹತ್ತಿರ ಮಗು ಬೇಗ ಬರುತ್ತದೆ.

ಸ್ವಾಮಿಯ ಕಥೆ ಮುಗಿಯುವುದು ರೈಲು ನಿಲ್ದಾಣದಲ್ಲಿ. ಮುನಿಸಿಕೊಂಡ ಗೆಳೆಯ ರಾಜಂ ಊರು ಬಿಟ್ಟು ಹೊರಟಿದ್ದಾನೆ. ಅವನಿಗೆ ಕೊಡಲು ಸ್ವಾಮಿ ಓಡೋಡಿ ತಂದದ್ದು ಒಂದು ಪುಸ್ತಕ, ಹ್ಯಾನ್ಸ್ ಆಂಡರ್ಸನ್‌ನ ಮಕ್ಕಳ ಕಥೆಗಳು. ಲೆಕ್ಕದಲ್ಲಿ ಅತ್ತ ಹುಡುಗ ಗೆಳೆತನಕ್ಕೆ ಒದಗುವ ವಸ್ತು ಯಾವುದೆಂದು ತಿಳಿದಿದ್ದ.

ಇವತ್ತು ಸಂಜೆ ನಿಮ್ಮ ಮಗ ಅಥವಾ ಮಗಳು ಲೆಕ್ಕ ಬಿಟ್ಟು, ಮಾವು ಹಣ್ಣಾಗಿತ್ತೇ ಎಂಬಂಥ ಪ್ರಶ್ನೆ ಕೇಳಿದರೆ ನಗು ನುಂಗಿಕೊಳ್ಳಬೇಡಿ. ನಕ್ಕು, ಹಣ್ಣಾಗಿತ್ತು ಕಣೋ, ಬಾದಾಮಿ ಮಾವು ಎಂದು ಮೊದಲು ಹೇಳಿಬಿಡಿ. ಆರಾಣೆಯ ಲೆಕ್ಕ ಆಮೇಲೆ ಮಾಡಿದರಾಯಿತು.